ಕೇಂಬ್ರಿಜ್‌ನಲ್ಲಿ ಮೇಸ್ತ್ರಿಗಳನ್ನು ಹುಡುಕುತ್ತಾ

ಕೇಂಬ್ರಿಜ್‌ಗೆ ಹೋಗಿ ಬಂದೆ ಅಂದರೆ ಎಲ್ಲರೂ ಕೇಳುವುದು ನ್ಯೂಟನ್, ಡಾರ್ವಿನ್, ರಾಮಾನುಜನ್ ಬಗ್ಗೆ. ಆ ಹೆಸರುಗಳ ಮೇಲೆ ನನಗೂ ಭಕ್ತಿ ಇದೆ. ಆದರೆ ನಾನು ಸ್ಟ್ರಕ್ಚರಲ್ ಎಂಜಿನಿಯರ್. ಹೊಸ ಊರಿಗೆ ಕಾಲಿಟ್ಟರೆ, ಯಾವ ಕಟ್ಟಡದ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತಿದೆ ಅನ್ನೋದರ ಕಡೆಗೇ ಮೊದಲು ಕಣ್ಣು ಹೋಗುತ್ತದೆ. ಆಕ್ಸ್‌ಫರ್ಡಿನಲ್ಲಿ ಊರವರ ಜೊತೆ ಜಗಳವಾಗಿ, ಅಲ್ಲಿಂದ ಹೊರಟು ಬಂದ ಕೆಲವು ವಿದ್ವಾಂಸರು 1209ರಲ್ಲಿ ಇಲ್ಲಿ ಪಾಠ ಶುರುಮಾಡಿದರು. ಇವತ್ತು 31 ಕಾಲೇಜುಗಳಿವೆ. ಅವರೆಲ್ಲ ಕೂತು ಓದಿದ ಸೂರುಗಳನ್ನು ಎತ್ತಿದ ಕೈಗಳು ಯಾರವು ಅನ್ನೋದು ನನ್ನ ಪ್ರಶ್ನೆಯಾಗಿತ್ತು.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಬೆಳಗಿನ ರೈಲು ಹಿಡಿದು ಅತ್ತಿಗೆ ಜೊತೆ ಹೋದೆ. ಒಂದು ಗಂಟೆಯೂ ಹಿಡಿಯುವುದಿಲ್ಲ. ಅತ್ತಿಗೆಗೆ ಟ್ರಿನಿಟಿ ಕಾಲೇಜಿನ ಬಾಗಿಲ ಪಕ್ಕದ ಸೇಬಿನ ಮರ ನೋಡಬೇಕಿತ್ತು. ವೂಲ್ಸ್‌ಥಾರ್ಪ್‌ನ ನ್ಯೂಟನ್ನನ ಮನೆಯಲ್ಲಿದ್ದ ಮರದ ಸಂತತಿ ಅದು. ನೋಡಿದೆವು, ಫೋಟೋ ತೆಗೆದೆವು, ಮುಂದೆ ನಡೆದೆವು.

ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಕ್ವೀನ್ಸ್ ಕಾಲೇಜಿನ ಮರದ ಸೇತುವೆ. ಕಾಲೇಜಿನ ಒಂದು ಭಾಗ ಕ್ಯಾಮ್ ನದಿಯ ಈಚೆ ದಡದಲ್ಲಿ, ಇನ್ನೊಂದು ಆಚೆ ದಡದಲ್ಲಿ. ನಡುವೆ ಮ್ಯಾಥಮೆಟಿಕಲ್ ಬ್ರಿಡ್ಜ್. ಸಿಲ್ವರ್ ಸ್ಟ್ರೀಟಿನ ಸೇತುವೆಯ ಮೇಲೆ ನಿಂತರೆ ಕಾಸಿಲ್ಲದೆ ಚೆನ್ನಾಗಿ ಕಾಣುತ್ತದೆ. ದೂರದಿಂದ ನೋಡಿದರೆ ಚಂದದ ಕಮಾನು. ಆದರೆ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಆ ಕಮಾನಿನಲ್ಲಿ ಬಗ್ಗಿಸಿದ ತೊಲೆ ಒಂದೂ ಇಲ್ಲ. ಎಲ್ಲವೂ ನೆಟ್ಟಗಿನ ಮರ. ಒಂದೊಂದು ತೊಲೆಯೂ ಕಮಾನಿನ ಗೆರೆಯನ್ನು ಸ್ಪರ್ಶಕದ ಹಾಗೆ ಸವರಿಕೊಂಡು ಹೋಗುತ್ತದೆ. ಅವನ್ನು ಅಡ್ಡಲಾಗಿ ಹಿಡಿದು ಕಟ್ಟುವ ಮರಗಳು ವೃತ್ತದ ತ್ರಿಜ್ಯದ ದಿಕ್ಕಿನಲ್ಲಿ ನಿಂತಿವೆ. ಹೀಗೆ ತ್ರಿಕೋನಗಳ ಸಾಲಾಗಿ ಇಡೀ ಸೇತುವೆ ಬಿಗಿದುಕೊಂಡಿದೆ. ಕೈ ಹಿಡಿದು ನಡೆಯುವ ಕಟಕಟೆಯನ್ನು ಹೊತ್ತ ಕಂಬಗಳೂ ಸುಮ್ಮನೆ ನಿಂತಿಲ್ಲ, ಅವೂ ಆ ತ್ರಿಜ್ಯದ ಮರಗಳೇ. ಮರ ಉದ್ದಕ್ಕೆ ಒತ್ತಿದರೆ ತಡೆಯುತ್ತದೆ, ಅಡ್ಡಕ್ಕೆ ಹೇರಿದರೆ ಬಾಗುತ್ತದೆ ಅನ್ನೋದನ್ನು ಕೈಯಿಂದಲೇ ಅರಿತವರ ಕೆಲಸ ಇದು.

ಆಮೇಲೆ ಪಂಟ್ ಎಂಬ ಚಪ್ಪಟೆ ತಳದ ದೋಣಿಯಲ್ಲಿ ಅದರ ಅಡಿಯಲ್ಲೇ ಹಾದುಹೋದಾಗ ತಲೆಯೆತ್ತಿ ನೋಡಿದೆ. ಕೂಡುವಲ್ಲೆಲ್ಲ ಬೋಲ್ಟಿನ ತಲೆಗಳು ಸ್ಪಷ್ಟವಾಗಿ ಕಾಣುತ್ತವೆ. ದೋಣಿ ನಡೆಸುತ್ತಿದ್ದ ಹುಡುಗ ಈ ಊರಿನ ಹಳೇ ಕಥೆ ಹೇಳಿದ: ನ್ಯೂಟನ್ ಇದನ್ನು ಒಂದು ಮೊಳೆಯೂ ಇಲ್ಲದೆ ಕಟ್ಟಿದ್ದನಂತೆ, ವಿದ್ಯಾರ್ಥಿಗಳು ಕುತೂಹಲಕ್ಕೆ ಬಿಚ್ಚಿ ಮತ್ತೆ ಜೋಡಿಸಲಾಗದೆ ಬೋಲ್ಟು ಹಾಕಿದರಂತೆ. ಹೇಳಿ ಮುಗಿಸಿ, ‘ಇದು ಕಟ್ಟುಕಥೆ’ ಅಂತಲೂ ಅವನೇ ಹೇಳಿದ. ನ್ಯೂಟನ್ ತೀರಿಕೊಂಡದ್ದು 1727ರಲ್ಲಿ, ಸೇತುವೆ ಎದ್ದದ್ದು 1749ರಲ್ಲಿ. ವಿನ್ಯಾಸ ವಿಲಿಯಂ ಎದರಿಜ್ ಅವರದು, ಕಟ್ಟಿದವರು ಜೇಮ್ಸ್ ಎಸೆಕ್ಸ್. 1866ರಲ್ಲೊಮ್ಮೆ, 1905ರಲ್ಲಿ ಇನ್ನೊಮ್ಮೆ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಿದರು. ಈಗಿರುವುದು ತೇಗದ ಮರ. ಕಥೆ ಸುಳ್ಳು ಅನ್ನುವುದಕ್ಕಿಂತ, ಆ ಕಥೆಯ ಭರಾಟೆಯಲ್ಲಿ ಎದರಿಜ್, ಎಸೆಕ್ಸ್ ಇಬ್ಬರ ಹೆಸರೂ ಅಳಿಸಿಹೋಗುತ್ತದಲ್ಲ, ಅದು ನನಗೆ ನೋವು. ದೊಡ್ಡ ಹೆಸರಿಗೆ ಎಲ್ಲವೂ ಸಲ್ಲುತ್ತದೆ, ಬಡಗಿಯ ಹೆಸರು ಯಾರಿಗೂ ಬೇಡ.

ಇನ್ನು ಕಿಂಗ್ಸ್ ಕಾಲೇಜಿನ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ. ಇದಕ್ಕಾಗಿಯೇ ನಾನು ಹೋಗಿದ್ದು.

ಟಿಕೆಟ್ ಪಡೆದು ಒಳಗೆ ಓಡಬೇಡಿ, ಮೊದಲು ಹೊರಗೋಡೆ ನೋಡಿ. ಆರನೇ ಹೆನ್ರಿ 1446ರಲ್ಲಿ ಮೊದಲ ಕಲ್ಲು ಇಟ್ಟ. ಯಾರ್ಕ್‌ಷೈರಿನಿಂದ ಬಿಳಿ ಸುಣ್ಣಕಲ್ಲು ತರಿಸಿದ್ದ. ಸಿಂಹಾಸನಕ್ಕಾಗಿ ಯುದ್ಧವೆದ್ದು 1461ರಲ್ಲಿ ಅವನು ಪಟ್ಟ ಕಳೆದುಕೊಂಡ, ಕೆಲಸ ನಿಂತಿತು. ಮುಂದೆ ಬಂದ ಅರಸರು ಬಿಟ್ಟು ಬಿಟ್ಟು ಮುಂದುವರಿಸಿದರು. ಆಗ ತಂದದ್ದು ನಾರ್ತಾಂಪ್ಟನ್‌ಷೈರಿನ ವೆಲ್ಡನ್ ಕಲ್ಲು, ಸ್ವಲ್ಪ ಕಂದು ಹಳದಿ. ಹಾಗಾಗಿ ಗೋಡೆಯಲ್ಲಿ ಎರಡು ಬಣ್ಣ. ಪೂರ್ವದ ತುದಿಯಲ್ಲಿ ಬಿಳಿ ಕಲ್ಲು ಎತ್ತರಕ್ಕೆ ಹೋಗಿದೆ, ಪಶ್ಚಿಮಕ್ಕೆ ಬರುತ್ತಾ ತಗ್ಗುತ್ತದೆ. ರಾಜ ಬಿದ್ದಾಗ ಗೋಡೆ ಎಲ್ಲಿಯವರೆಗೆ ಎದ್ದಿತ್ತು ಅನ್ನೋದನ್ನು ಆ ಕಲ್ಲಿನ ಮೇಲೇ ಓದಬಹುದು. ನಿಂತುಹೋದ ಸೈಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದುಡ್ಡು ನಿಂತರೆ ಗೋಡೆ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಆದರೆ ಅರ್ಧ ಶತಮಾನ ಕಾದ ಗೋಡೆಯ ಮೇಲೆ ಇಂಥ ಚಾವಣಿ ಕೂತದ್ದನ್ನು ಬೇರೆಲ್ಲೂ ನೋಡಿಲ್ಲ.

ಒಳಗೆ ಹೋದೆ. ಉದ್ದ 289 ಅಡಿ, ಎತ್ತರ 80 ಅಡಿ, ಅಗಲ 40 ಅಡಿ. ಈ ಅಂಕಿಗಳು ಹೊರಡುವ ಮುಂಚೆಯೇ ಬಾಯಿಪಾಠವಾಗಿದ್ದವು. ಆದರೂ ಕತ್ತೆತ್ತಿದಾಗ ಮಾತು ಹೊರಡಲಿಲ್ಲ. ಎರಡೂ ಗೋಡೆಗಳ ಕಂಬಗಳಿಂದ ಕಲ್ಲಿನ ಎಳೆಗಳು ನವಿಲು ಗರಿ ಬಿಚ್ಚಿದ ಹಾಗೆ ಹರಡಿ, ನಡುವೆ ಒಂದನ್ನೊಂದು ಕೂಡುತ್ತವೆ. ಇಂಥ ಬೀಸಣಿಗೆಯಾಕಾರದ ಕಲ್ಲಿನ ಚಾವಣಿಗೆ ಫ್ಯಾನ್ ವಾಲ್ಟ್ ಅನ್ನುತ್ತಾರೆ, ಜಗತ್ತಿನ ಅತಿ ದೊಡ್ಡದು ಇದೇ. ನಡುಸಾಲಿನಲ್ಲಿ ದೊಡ್ಡ ಕೀಲಿಕಲ್ಲುಗಳಿವೆ, ಒಂದರಲ್ಲಿ ಟ್ಯೂಡರ್ ರಾಜವಂಶದ ಗುಲಾಬಿ, ಮುಂದಿನದರಲ್ಲಿ ಕೋಟೆಬಾಗಿಲಿನ ಜಾಲರಿ. ಒಂದೊಂದೂ ಸುಮಾರು ಒಂದು ಟನ್ ತೂಗುತ್ತದಂತೆ. ಅಷ್ಟು ಭಾರದ ಕಲ್ಲನ್ನು ಸರಿಯಾಗಿ ನಡುವೆ ಇಟ್ಟರೇನೇ ಎರಡೂ ಕಡೆಯ ಬೀಸಣಿಗೆಗಳು ಒಂದಕ್ಕೊಂದು ಒತ್ತಿ ನಿಲ್ಲುವುದು.

ಇದನ್ನು ಕಟ್ಟಿದ ಮೇಸ್ತ್ರಿ ಜಾನ್ ವಾಸ್ಟೆಲ್. ಕ್ಯಾಂಟರ್ಬರಿ ಕೆಥೆಡ್ರಲ್ಲಿನ ನಡುಗೋಪುರವೂ ಅವರದೇ. ಈ ಚಾವಣಿಯನ್ನು 1512ರಿಂದ 1515ರೊಳಗೆ ಮುಗಿಸಿದರು. ಮೂರು ವರ್ಷ! ನಾನು ಅಲ್ಲಿ ಕೂತು ಯೋಚಿಸಿದ್ದೆಲ್ಲ ಸೆಂಟ್ರಿಂಗ್ ಬಗ್ಗೆಯೇ. 80 ಅಡಿ ಎತ್ತರಕ್ಕೆ ಮರದ ಅಟ್ಟಣಿಗೆ ಕಟ್ಟಬೇಕು, ಆಕಾರಕ್ಕೆ ತಕ್ಕಂತೆ ಮರದ ಅಚ್ಚು ಕೂರಿಸಬೇಕು, ನೆಲದಲ್ಲಿ ಕೆತ್ತಿದ ಕಲ್ಲು ಮೇಲೆ ಹೋದಾಗ ಪಕ್ಕದ ಕಲ್ಲಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಗಾರೆ ಗಟ್ಟಿಯಾದ ಮೇಲೆ ಅಚ್ಚು ಇಳಿಸಬೇಕು. ಆ ಮೊದಲ ಅಚ್ಚು ಇಳಿಸಿದ ದಿನ ವಾಸ್ಟೆಲ್ ಕೆಳಗೆ ನಿಂತು ನೋಡುತ್ತಿದ್ದಿರಬೇಕು. ಸೆಂಟ್ರಿಂಗ್ ಬಿಚ್ಚುವ ದಿನ ಸೈಟಿನಲ್ಲಿ ನಿಂತ ಯಾರಿಗೇ ಆಗಲಿ ಆ ಎದೆಬಡಿತ ಗೊತ್ತು.

ಇಷ್ಟು ತೆಳು ಕಲ್ಲಿನ ಚಿಪ್ಪು ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಆದರೂ ಗೋಡೆಯ ತುಂಬ ಗಾಜಿನ ಕಿಟಕಿಗಳು, ಒಟ್ಟು 26. ಹಾಗಾದರೆ ಆ ತಳ್ಳಾಟ ತಡೆಯುವವರು ಯಾರು? ಗೋಡೆಗೆ ಹೊರಗಿನಿಂದ ಆನಿಕೆ ಕೊಡುವ ಆಳವಾದ ಬಟ್ರೆಸ್‌ಗಳು. ಅವುಗಳ ನಡುವಿನ ಜಾಗವನ್ನೇ ಸಣ್ಣ ಸಣ್ಣ ಪ್ರಾರ್ಥನಾ ಕೋಣೆಗಳಾಗಿ ಮಾಡಿರುವುದರಿಂದ ಒಳಗೆ ನಿಂತವರಿಗೆ ಆ ಶ್ರಮ ಕಾಣುವುದೇ ಇಲ್ಲ.

“ಸಾಕು ಏಳೇ, ಕತ್ತು ಹಿಡ್ಕೊಳ್ಳುತ್ತೆ” ಅಂದರು ಅತ್ತಿಗೆ.

“ಇನ್ನೊಂದು ಐದು ನಿಮಿಷ, ಅತ್ತಿಗೆ. ಆ ಮೂಲೆಯದು ಒಂದು ನೋಡ್ಕೊಂಡು ಬಂದ್ಬಿಡ್ತೀನಿ.”

ಹೊರಗೆ ಬಂದರೆ ಪಕ್ಕದಲ್ಲೇ ಸೆನೆಟ್ ಹೌಸ್, ಪದವಿ ಕೊಡುವ ಜಾಗ. 1890ರಲ್ಲಿ ಗಣಿತದ ಪರೀಕ್ಷೆಯ ಫಲಿತಾಂಶ ಓದಿದಾಗ, ಫಿಲಿಪ್ಪಾ ಫಾಸೆಟ್ ಎಂಬ ಹೆಣ್ಣುಮಗಳು ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲಿದ್ದಾಳೆ ಎಂದು ಘೋಷಿಸಿದರು. ಆ ಪರೀಕ್ಷೆಯಲ್ಲಿ ಮೊದಲು ಬಂದ ಗಂಡಸಿಗೆ ಕೊಡುತ್ತಿದ್ದ ಬಿರುದು ಅದು; ಅವಳು ಎಲ್ಲ ಗಂಡಸರಿಗಿಂತ ಮೊದಲು. ಆದರೆ ಪದವಿ ಕೊಡಲಿಲ್ಲ, ಆ ಬಿರುದನ್ನೂ ಕೊಡಲಿಲ್ಲ. 1897ರಲ್ಲಿ ಹೆಂಗಸರಿಗೆ ಪದವಿ ಕೊಡಬೇಕೇ ಅಂತ ಮತಕ್ಕೆ ಹಾಕಿದ ದಿನ, ಸೈಕಲ್ ಮೇಲೆ ಕೂತ ಹೆಣ್ಣಿನ ಬೊಂಬೆ ಮಾಡಿ ಇದೇ ಸೆನೆಟ್ ಹೌಸಿನ ಎದುರು ನೇತುಹಾಕಿದ್ದರು. ಪ್ರಸ್ತಾಪ ಬಿದ್ದುಹೋಯಿತು. ಹೆಂಗಸರಿಗೆ ಪೂರ್ತಿ ಪದವಿ ಸಿಕ್ಕಿದ್ದು 1948ರಲ್ಲಿ. ಎಂಜಿನಿಯರಿಂಗ್ ಓದಿದ ಹೆಣ್ಣಾಗಿ ಆ ರಸ್ತೆಯಲ್ಲಿ ನಿಂತಾಗ ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ. ನನ್ನ ಮುಂದೆಯೇ ಬ್ಯಾಗು ಹೇರಿಕೊಂಡ ಹುಡುಗಿಯರು ಸೈಕಲ್ ಬೆಲ್ಲು ಬಾರಿಸುತ್ತಾ ಸಾಲಾಗಿ ಹೋಗುತ್ತಿದ್ದರು.

ಸ್ಟೇಷನ್ನಿಗೆ ವಾಪಸು ನಡೆಯುವವರು ಟ್ರಂಪಿಂಗ್ಟನ್ ಸ್ಟ್ರೀಟ್ ಹಿಡಿಯಿರಿ ಅನ್ನೋದು ನನ್ನ ಸಲಹೆ. ಅಲ್ಲಿ ರಸ್ತೆಯ ಎರಡೂ ಅಂಚಿಗೆ ಕಲ್ಲಿನ ಕಾಲುವೆಗಳಿವೆ. ಚರಂಡಿ ಅಂದುಕೊಂಡು ಎಲ್ಲರೂ ದಾಟಿ ಹೋಗುತ್ತಾರೆ. ಅದು ಊರಿಗೆ ನೀರು ತಂದ ಕಾಲುವೆಯಾದ ಹಾಬ್ಸನ್ಸ್ ಕಾಂಡ್ಯೂಟ್‌ನ ನೀರು. ಊರ ದಕ್ಷಿಣಕ್ಕೆ ನೈನ್ ವೆಲ್ಸ್ ಎಂಬಲ್ಲಿ ಸುಣ್ಣಕಲ್ಲಿನಿಂದ ಒಸರುವ ಊಟೆಗಳಿವೆ. ಕೊಳೆತು ನಾರುತ್ತಿದ್ದ ಹಳೇ ಕಾಲುವೆಯನ್ನು ತೊಳೆಯಲಿಕ್ಕೂ, ಊರಿಗೆ ಶುದ್ಧ ನೀರು ಕೊಡಲಿಕ್ಕೂ ಆ ನೀರನ್ನು 1610ರ ಹೊತ್ತಿಗೆ ಇಲ್ಲಿಗೆ ತಿರುಗಿಸಿದರು. ಪಂಪಿಲ್ಲ, ಇಳಿಜಾರು ಒಂದೇ. ಈ ಕಡೆಯ ನೆಲವೋ ಬಹುಪಾಲು ಮಟ್ಟಸ. ಅಂಥಲ್ಲಿ ನೀರು ನಿಲ್ಲದ ಹಾಗೆ ಮಟ್ಟ ಹಿಡಿದವರು ನಿಜವಾದ ಕಸುಬುದಾರರು. ಊರೂ ವಿಶ್ವವಿದ್ಯಾಲಯವೂ ಸೇರಿ ಮಾಡಿದ ಕೆಲಸ ಅದು. ಹೆಸರು ಮಾತ್ರ ಬಾಡಿಗೆ ಕುದುರೆ, ಸರಕು ಗಾಡಿಗಳ ವ್ಯಾಪಾರಿ ಥಾಮಸ್ ಹಾಬ್ಸನ್ ಅವರದು. ಅದಕ್ಕೆ ಒಳ್ಳೆಯ ಕಾರಣವಿದೆ. 1631ರಲ್ಲಿ ತೀರಿಕೊಂಡಾಗ ಅವರು ಈ ಕಾಲುವೆಯ ನಿರ್ವಹಣೆಗೆಂದೇ ಉಯಿಲಿನಲ್ಲಿ ಆಸ್ತಿ ಬಿಟ್ಟುಹೋದರು. ಕಟ್ಟಲು ದುಡ್ಡು ಕೊಡುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ, ಉದ್ಘಾಟನೆಯ ಕಲ್ಲಿನಲ್ಲಿ ಹೆಸರಿರುತ್ತದೆ. ಹೂಳೆತ್ತಲು ದುಡ್ಡು ಬಿಟ್ಟುಹೋಗುವವರನ್ನು ನನ್ನ ಇಷ್ಟು ವರ್ಷದ ಕೆಲಸದಲ್ಲಿ ನೋಡಿಲ್ಲ. ಅವರ ಹೆಸರಿನ ಟ್ರಸ್ಟು ಇವತ್ತಿಗೂ ಕಾಲುವೆಯನ್ನು ನೋಡಿಕೊಳ್ಳುತ್ತಿದೆ. ಮೊದಲು ಮಾರುಕಟ್ಟೆ ಚೌಕದಲ್ಲಿದ್ದ ಕಲ್ಲಿನ ನೀರುಮಂಟಪವನ್ನು 1856ರಲ್ಲಿ ಲೆನ್ಸ್‌ಫೀಲ್ಡ್ ರಸ್ತೆಯ ಮೂಲೆಗೆ ತಂದು ನಿಲ್ಲಿಸಿದ್ದಾರೆ. ಸ್ಟೇಷನ್ನಿನ ದಾರಿಗೆ ಅದೇನೂ ದೂರವಲ್ಲ, ನೋಡಿಕೊಂಡೇ ರೈಲು ಹತ್ತಿ.