ಕಾರಣ ಸಿಗದ ಗಂಟಲಿನ ತೊಂದರೆಯೊಂದಿಗೆ ಹೇಗಿದ್ದೀರಿ ಎಂದು ಕೇಳುವವರಿಗೆ

"ಡಾಕ್ಟರಿಗೇ ಕಾರಣ ಸಿಗಲಿಲ್ಲವೆಂದ ಮೇಲೆ ನೀವು ಹೇಗೆ ಸುಮ್ಮನಿದ್ದೀರಿ?" ಎಂದು ರಾಯಚೂರಿನ ನಮ್ಮ ಜಿನ್ನಿಂಗ್ ಮಿಲ್ಲಿಗೆ ಹತ್ತಿ ತರುವ ರೈತರಿಂದ ಹಿಡಿದು ಬಂಧುಗಳವರೆಗೆ ಎಲ್ಲರೂ ಕೇಳುತ್ತಾರೆ. ಬಹಳ ಕಾಲದಿಂದ ನನ್ನ ಗಂಟಲಲ್ಲಿ ಕೆರೆತವಿದೆ, ಒಳಗೆ ಏನೋ ಊದಿಕೊಂಡು ಅಡ್ಡ ನಿಂತಂತೆ ಅನಿಸುತ್ತದೆ. ಆದರೂ ನಾನು ಸುಮ್ಮನೆ ಕುಳಿತಿಲ್ಲ. ಅದು ಯಾವ ಯಾವ ಕಾಯಿಲೆ ಅಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆ.

ಕಿವಿ, ಮೂಗು, ಗಂಟಲಿನ ತಜ್ಞರು ಮೂಗಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ಸಣ್ಣ ನಳಿಕೆಯನ್ನು ಇಳಿಸಿ, 'ಈ' ಎಂದು ಸ್ವರ ಎಳೆಯಲು ಹೇಳಿದರು. ಪರದೆಯ ಮೇಲೆ ಎರಡು ಬಿಳಿಯ ಪಟ್ಟಿಗಳು ಬಂದು ಕೂಡಿಕೊಂಡವು, ಉಸಿರೆಳೆದಾಗ ಬಿಟ್ಟುಕೊಂಡವು. ಅವು ನನ್ನ ಧ್ವನಿತಂತುಗಳು. ಗಡ್ಡೆಯಾಗಲಿ ಹುಣ್ಣಾಗಲಿ ಇರಲಿಲ್ಲ, ಥೈರಾಯ್ಡ್ ಪರೀಕ್ಷೆಯೂ ಸರಿಯಾಗಿತ್ತು. ಜೋಳದ ರೊಟ್ಟಿ ಸಲೀಸಾಗಿ ಇಳಿದು, ಬರೀ ಉಗುಳು ನುಂಗುವಾಗ ಮಾತ್ರ ಏನೋ ಸಿಕ್ಕಿಕೊಂಡಂತಾದರೆ ಅದನ್ನು ವೈದ್ಯರು ಗ್ಲೋಬಸ್ ಎನ್ನುತ್ತಾರೆ. ನನ್ನದೂ ಅದೇ ಬಗೆಯದು.

ಹತ್ತಿಯ ದೂಳೇ ಇದಕ್ಕೆಲ್ಲ ಕಾರಣ ಎಂದು ನಮ್ಮಲ್ಲಿ ಎಲ್ಲರ ತೀರ್ಮಾನ. ದೂಳು ಕೆರೆತವನ್ನು ಹೆಚ್ಚಿಸುವುದು ನಿಜ, ಅದಕ್ಕಾಗಿ ಮಾಸ್ಕ್ ಹಾಕಿಕೊಳ್ಳುತ್ತೇನೆ. ಆದರೆ ಯಂತ್ರಗಳು ನಿಂತಿರುವ ಬೇಸಿಗೆಯಲ್ಲೂ ತೊಂದರೆ ಉಳಿಯುವುದರಿಂದ ಪೂರ್ತಿ ಹೊಣೆಯನ್ನು ಅದರ ಮೇಲೆ ಹೊರಿಸಲಾರೆ. ಎದೆಯುರಿ ಇಲ್ಲದೆಯೇ ಹೊಟ್ಟೆಯ ಆಮ್ಲ ಗಂಟಲವರೆಗೆ ಏರಬಲ್ಲದೆಂದು ವೈದ್ಯರು ತಿಳಿಸಿದ್ದರಿಂದ, ಊಟಕ್ಕೂ ಮಲಗುವುದಕ್ಕೂ ಮೂರು ತಾಸಿನ ಅಂತರ ಇಟ್ಟಿದ್ದೇನೆ, ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟಿದ್ದೇನೆ, ರಾತ್ರಿಯ ಮಂಡಕ್ಕಿ ಒಗ್ಗರಣೆ, ಮಿರ್ಚಿಯನ್ನು ಬಿಟ್ಟಿದ್ದೇನೆ. ಸ್ವಲ್ಪ ಗುಣ ಕಂಡಿದೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಕ್ಯಾಕರಿಸುವುದನ್ನು ನಿಲ್ಲಿಸಿದ್ದು. ಪ್ರತಿ ಸಲ ಕ್ಯಾಕರಿಸಿದಾಗಲೂ ಧ್ವನಿತಂತುಗಳು ಒಂದಕ್ಕೊಂದು ಬಡಿದು, ಗಂಟಲು ಇನ್ನಷ್ಟು ಕೆರಳಿ, ಅಂಟು ಕಫ ಹೆಚ್ಚಾಗಿ, ಮತ್ತೆ ಕ್ಯಾಕರಿಸಬೇಕೆನಿಸುತ್ತದೆ. ಆ ಒತ್ತಡ ಬಂದ ಕೂಡಲೇ ಒಂದು ಗುಟುಕು ನೀರು ಕುಡಿಯಬೇಕು, ನೀರಿಲ್ಲದಿದ್ದರೆ ಬಾಯಿ ಮುಚ್ಚಿ ಗಟ್ಟಿಯಾಗಿ ಒಮ್ಮೆ ನುಂಗಬೇಕು. ಮೊದಮೊದಲು ಇದು ಬಹಳ ಕಷ್ಟ, ಜನರೊಂದಿಗೆ ಮಾತನಾಡುವಾಗಲಂತೂ ಇನ್ನೂ ಕಷ್ಟ. ಲೆಕ್ಕದ ಪುಸ್ತಕದ ಪಕ್ಕದಲ್ಲಿ ನೀರಿನ ಬಾಟಲಿ ಸದಾ ಇರುತ್ತದೆ.

ಆದರೆ ನನ್ನನ್ನು ನೋಡಿ ಯಾರೂ ಪರೀಕ್ಷೆ ಮಾಡಿಸದೆ ಸಹಿಸಿಕೊಳ್ಳಬಾರದು. ಅನ್ನ ಸಿಕ್ಕಿಕೊಳ್ಳುವುದು, ಉಗುಳಿನಲ್ಲಿ ರಕ್ತ, ಒಂದೇ ಬದಿಯ ನೋವು, ಕತ್ತಿನಲ್ಲಿ ಗಂಟು, ತೂಕ ಇಳಿಯುವುದು, ಮೂರು ವಾರ ಮೀರಿದ ಧ್ವನಿಯ ಒಡಕು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ತೋರಿಸಬೇಕು. ಗುಟ್ಕಾ, ತಂಬಾಕು ಹಾಕುವವರಂತೂ ಒಂದು ದಿನವೂ ಮುಂದೂಡಬಾರದು. ರಕ್ತದೊತ್ತಡಕ್ಕೆ ಎನಾಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆ ನುಂಗುವವರಲ್ಲಿ ಕೆಲವರಿಗೆ ಒಣಕೆಮ್ಮು ಬರುತ್ತದೆ, ಅಪರೂಪಕ್ಕೆ ತುಟಿ, ನಾಲಿಗೆ, ಗಂಟಲು ನಿಜವಾಗಿಯೇ ಊದಿಕೊಳ್ಳುತ್ತವೆ, ಅದೂ ವರ್ಷಗಳ ನಂತರವೂ ಆಗಬಹುದು. ಅಂತಹ ಊತ ಕಂಡರೆ, ಉಸಿರಾಟ ಇನ್ನೂ ಸರಿಯಿದ್ದರೂ, ಕಾಯದೆ 108ಕ್ಕೆ ಕರೆ ಮಾಡಿ, ನುಂಗುವ ಮಾತ್ರೆಯ ಚೀಟಿಯನ್ನು ಜೊತೆಗೆ ಒಯ್ಯಿರಿ.