ಅಘನಾಶಿನಿಯಲ್ಲೊಂದು ಹಂಚಿನ ಮನೆ

ಗೋಕರ್ಣ, ಓಂ ಬೀಚು, ಮಿರ್ಜಾನ್ ಕೋಟೆ ಎಲ್ಲ ನೋಡಿದೆವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬರೆಯಲೇಬೇಕು ಅನಿಸಿದ್ದು ತದಡಿಯಿಂದ ದೋಣಿಯಲ್ಲಿ ನದಿ ದಾಟಿ ಹೋದ ಅಘನಾಶಿನಿ ಎಂಬ ಹಳ್ಳಿಯ ಒಂದು ಮನೆಯ ಬಗ್ಗೆ.

ಅದು ಗೆಳೆಯನ ಸಂಬಂಧಿಕರ ಮನೆ. ಚಿರೇಕಲ್ಲಿನ ಗೋಡೆ, ಹಲಸಿನ ಕಂಬ, ಉದ್ದನೆಯ ಜಗಲಿ. ಜಗಲಿಯ ತುದಿಯ ಕೋಣೆಯ ಬಾಗಿಲು ಮಾತ್ರ ವಿಪರೀತ ಅಗಲ. ಹಿತ್ತಿಲಲ್ಲಿ ಪೇರಿಸಿಟ್ಟಿದ್ದ ಹಳೇ ಹಂಚೊಂದನ್ನು ಮಗುಚಿದರೆ 'ಬಾಸೆಲ್ ಮಿಶನ್, 1865, ಮಂಗಳೂರು' ಎಂಬ ಇಂಗ್ಲಿಷ್ ಅಚ್ಚು. ಮನೆಯ ವಯಸ್ಸು ಸಿಕ್ಕಿತು ಅಂದ ಗೆಳೆಯ.

ಕುಡಿಯಲು ಆಸ್ರಿಗೆ ತಂದುಕೊಟ್ಟ ಅಜ್ಜಿ ಒಪ್ಪಲಿಲ್ಲ. "ಇಲ್ಲ ತಮಾ. ನಮ್ಮತ್ತೆಯ ಅತ್ತೆ ಮದುವೆಯಾಗಿ ಬಂದಾಗ ತೆಂಗಿನಗರಿಯ ಮಡ್ಲಿನ ಮಾಡೇ ಇತ್ತಂತೆ. ಹಂಚು ಆಮೇಲೆ ಮಂಜಿ ಹಡಗಿನಲ್ಲಿ ಬಂದದ್ದು."

ಅಜ್ಜಿ ಹೇಳಿದ್ದೇ ಸರಿ. 1865 ಅಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ವರ್ಷಗಳ ನಂತರ ಸುಟ್ಟ ಹಂಚಿಗೂ ಅದೇ ಅಚ್ಚು ಬೀಳುತ್ತಿತ್ತು.

"ಮತ್ತೆ ಆ ಬಾಗಿಲು?"

"ಅದು ಹತ್ತಿ ಕೋಣೆ. ಅಂಡಿಗೆ, ಅಂದರೆ ಹತ್ತಿ ಮೂಟೆ, ಒಳಗೆ ಹೋಗ್ಬೇಕಲ್ಲ!"

ಅಜ್ಜಿಯ ಮಾವನ ಮುತ್ತಜ್ಜನ ಕಾಲದ ಮಾತಂತೆ. ಲೆಕ್ಕ ಸರಿಯಾಗಿ ಕೂಡಿಬರುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ; ಅಲ್ಲಿಯ ಹತ್ತಿ ನಿಂತು ಇಂಗ್ಲೆಂಡಿನ ಗಿರಣಿಗಳು ಕಂಗಾಲಾದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಅದು ಘಟ್ಟವಿಳಿದು ಕುಮಟೆಗೆ ಬಂದು ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. 1880ರ ದಶಕದ ಕೊನೆಗೆ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಬಂದಮೇಲೆ ಹತ್ತಿ ಆ ಕಡೆ ತಿರುಗಿತು. ಈ ಕೋಣೆಗೆ ತೆಂಗಿನಕಾಯಿ, ಗಜನಿಯ, ಅಂದರೆ ಉಪ್ಪುನೀರಿನ ಗದ್ದೆಯ, ಕಗ್ಗ ಭತ್ತ ಬಂದವು. ಮರದ ಹೊಸ್ತಿಲು ನಡುವೆ ಸವೆದು ತಗ್ಗಾಗಿದೆ. ಅದರ ಮೇಲೆ ಕೈಯಾಡಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಶಾಲೆಯಲ್ಲಿ ಓದಿದ ದೂರದೇಶದ ಯುದ್ಧವೊಂದು ಈ ಹಳ್ಳಿಯ ಬಾಗಿಲನ್ನು ಅಗಲ ಮಾಡಿತ್ತು.

ಸಂಜೆ ಇನ್ನೊಂದು ದೋಣಿ ಇದೆ ಎಂದು ದಡದಲ್ಲಿ ಹೇಳಿದ್ದರು. ಹೋಗಿ ನೋಡಿದರೆ ಇರಲಿಲ್ಲ! ಹೋಗುವವರು ದೋಣಿ ನಡೆಸುವವರನ್ನೇ ಕೇಳಿ, ದಡದಲ್ಲಿ ನಿಂತವರನ್ನಲ್ಲ. ಕೊನೆಗೆ ಅಜ್ಜಿಯ ಮೊಮ್ಮಗ ಕುಮಟೆ, ಮಿರ್ಜಾನ್, ಮಾದನಗೇರಿ ಸುತ್ತಿ ಕಾರಿನಲ್ಲಿ ಗೋಕರ್ಣ ಮುಟ್ಟಿಸಿದ. ಹತ್ತಿ ಕೋಣೆಯನ್ನು ಹೋಮ್‌ಸ್ಟೇ ಮಾಡುವ ಯೋಚನೆ ಅವನದು. ಮಾಡಲಿ, ಮನೆ ಉಳಿಯಲು ದುಡ್ಡೂ ಬೇಕು. ಆದರೆ ಕರಾವಳಿಯ ಎಷ್ಟೋ ಹೋಮ್‌ಸ್ಟೇಗಳಲ್ಲಿ ಚಿರೇಕಲ್ಲಿಗೆ ಆಯಿಲ್ ಪೇಂಟ್ ಬಳಿದದ್ದು ಕಂಡು ಹೊಟ್ಟೆ ಉರಿದಿದೆ. ಬಣ್ಣ ಬಳಿಯಬೇಡ, ಬಾಗಿಲು ಕಿರಿದು ಮಾಡಬೇಡ ಎಂದು ದಾರಿಯುದ್ದಕ್ಕೂ ಅವನಿಗೆ ಹೇಳಿದೆ. ಬಾಗಿಲಿಗೆ ಒಪ್ಪಿದ್ದಾನೆ.