ನಗರದ ತಾರಸಿಯಿಂದ ನೀಹಾರಿಕೆಗಳ ಚಿತ್ರ: ಯಾವ ಉಪಕರಣ, ಏಕೆ, ಹೇಗೆ

ಬೆಂಗಳೂರಿನಲ್ಲಿದ್ದುಕೊಂಡು ಆಕಾಶಕಾಯಗಳ ಚಿತ್ರ ತೆಗೆಯಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಟೆಲಿಸ್ಕೋಪ್ ಕೊಳ್ಳಬೇಕು ಎಂಬುದನ್ನು. ನನ್ನ ಅಭಿಪ್ರಾಯದಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಕೇಳಬೇಕಾದ ಪ್ರಶ್ನೆ. ತಲೆಯ ಮೇಲಿರುವ ಆಕಾಶ ಎಂಥದ್ದು, ಅದರಲ್ಲಿ ಯಾವ ಕಾಯಗಳು ಕೈಗೆ ಸಿಗುತ್ತವೆ, ವಾರದ ಸಾಮಾನ್ಯ ದಿನಗಳಲ್ಲಿ ರಾತ್ರಿ ಎಷ್ಟು ಹೊತ್ತು ಉಪಕರಣವನ್ನು ಹೊರಗಿಡಲು ಸಾಧ್ಯ ಎಂಬುದು ನಿರ್ಧಾರವಾದ ಮೇಲೆ ಟೆಲಿಸ್ಕೋಪಿನ ಆಯ್ಕೆ ಹೆಚ್ಚುಕಡಿಮೆ ತಾನಾಗಿಯೇ ಆಗಿಬಿಡುತ್ತದೆ.

ಆಕಾಶದ ಕತ್ತಲೆಯನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸುವ ಮಾಪಕವೊಂದನ್ನು ಅಮೆರಿಕದ ಹವ್ಯಾಸಿ ವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದನೆಯ ದರ್ಜೆ ಅತ್ಯಂತ ಕತ್ತಲಿನ ಆಕಾಶವಾದರೆ ಎಂಟು ಮತ್ತು ಒಂಬತ್ತನೆಯವು ದೊಡ್ಡ ನಗರಗಳ ಆಕಾಶ. ನಮ್ಮ ಬಹುಪಾಲು ಬಡಾವಣೆಗಳು ಈ ಕೊನೆಯ ಎರಡರಲ್ಲೇ ಬರುತ್ತವೆ. ಕೋರಮಂಗಲದಲ್ಲಿ ಕಚೇರಿಯಿರುವ ಭಾರತೀಯ ತಾರಾಭೌತ ಸಂಸ್ಥೆಯೇ ತನ್ನ ದೊಡ್ಡ ದೂರದರ್ಶಕಗಳನ್ನು ತಮಿಳುನಾಡಿನ ಕಾವಲೂರಿನಲ್ಲಿಯೂ ಲಡಾಖಿನ ಹಾನ್ಲೆಯಲ್ಲಿಯೂ ಇಟ್ಟುಕೊಂಡು, ಹಾನ್ಲೆಯದನ್ನು ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. ನಮಗೆ ಆ ಸೌಕರ್ಯವಿಲ್ಲ. ತಾರಸಿಯೇ ನಮ್ಮ ವೀಕ್ಷಣಾಲಯ.

ಬೆಳಕಿನ ಮಾಲಿನ್ಯದಿಂದ ಆಗುವ ನಷ್ಟವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ನಗರದ ಆಕಾಶವು ದೂರದ ಹಳ್ಳಿಯ ಆಕಾಶಕ್ಕಿಂತ ಮೂರು ಕಾಂತಿಮಾನದಷ್ಟು ಹೆಚ್ಚು ಬೆಳಗುತ್ತಿದೆ ಎಂದಿಟ್ಟುಕೊಳ್ಳೋಣ. ಒಂದು ಕಾಂತಿಮಾನವೆಂದರೆ ಸುಮಾರು ಎರಡೂವರೆ ಪಟ್ಟು, ಆದ್ದರಿಂದ ಮೂರು ಕಾಂತಿಮಾನವೆಂದರೆ ಸುಮಾರು 16 ಪಟ್ಟು. ಆಕಾಶದ ಬೆಳಕಿನಲ್ಲಿ ಮುಳುಗಿಹೋದ ಮಸುಕಾದ ನೀಹಾರಿಕೆಯೊಂದನ್ನು (ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡವನ್ನು) ಹಳ್ಳಿಯಲ್ಲಿ ಒಂದು ಗಂಟೆಯಲ್ಲಿ ಎಷ್ಟು ಸ್ವಚ್ಛವಾಗಿ ಹಿಡಿಯಬಹುದೋ ಅಷ್ಟೇ ಸ್ವಚ್ಛವಾಗಿ ನಗರದಲ್ಲಿ ಹಿಡಿಯಲು, ಬೇರೆ ಯಾವ ಉಪಾಯವನ್ನೂ ಮಾಡದಿದ್ದರೆ, 16 ಗಂಟೆಗಳ ಎಕ್ಸ್‌ಪೋಷರ್ ಬೇಕಾಗುತ್ತದೆ. ದೊಡ್ಡ ಟೆಲಿಸ್ಕೋಪ್ ಕೊಂಡರೆ ಈ ಅನುಪಾತ ಬದಲಾಗುವುದಿಲ್ಲ, ಏಕೆಂದರೆ ಅದು ನೀಹಾರಿಕೆಯ ಬೆಳಕನ್ನು ಎಷ್ಟು ಹೆಚ್ಚು ಸಂಗ್ರಹಿಸುತ್ತದೋ ಬೀದಿದೀಪದ ಬೆಳಕನ್ನೂ ಅಷ್ಟೇ ಹೆಚ್ಚು ಸಂಗ್ರಹಿಸುತ್ತದೆ. ಜೊತೆಗೆ ಅದನ್ನು ಹೊತ್ತು ನಕ್ಷತ್ರಗಳ ಚಲನೆಗೆ ತಕ್ಕಂತೆ ತಿರುಗಿಸಲು ಭಾರವಾದ ಮೌಂಟ್ ಬೇಕು, ಮೆಟ್ಟಿಲು ಹತ್ತಿಸಲು ಇನ್ನೊಬ್ಬರ ಕೈ ಬೇಕು. ಆದ್ದರಿಂದ ನಗರದ ಛಾಯಾಗ್ರಾಹಕ ಹಣ ಕೊಟ್ಟು ಕೊಳ್ಳಬೇಕಾದದ್ದು ಗಾತ್ರವನ್ನಲ್ಲ, ಗಂಟೆಗಳನ್ನು. ಕೆಲಸದ ದಿನವೂ ಊಟಕ್ಕೆ ಮುಂಚೆ ಹತ್ತು ನಿಮಿಷದಲ್ಲಿ ತಾರಸಿಯ ಮೇಲಿಟ್ಟು ಬರಬಹುದಾದ ಚಿಕ್ಕ ವ್ಯವಸ್ಥೆಯು, ತಿಂಗಳಿಗೊಮ್ಮೆ ಮನಸ್ಸು ಗಟ್ಟಿ ಮಾಡಿಕೊಂಡು ಹೊರತೆಗೆಯುವ ದೊಡ್ಡ ವ್ಯವಸ್ಥೆಗಿಂತ ವರ್ಷದ ಕೊನೆಗೆ ಹೆಚ್ಚು ಚಿತ್ರ ಕೊಟ್ಟಿರುತ್ತದೆ.

ಈ ಅನುಪಾತವನ್ನು ನಿಜವಾಗಿ ಬದಲಿಸುವ ಉಪಕರಣ ಒಂದೇ, ಫಿಲ್ಟರ್. ಬೀದಿಗಳಲ್ಲಿ ಸೋಡಿಯಂ ದೀಪಗಳಿದ್ದ ಕಾಲದಲ್ಲಿ ಅವುಗಳ ಬೆಳಕು ಬಹುಮಟ್ಟಿಗೆ 589 ನ್ಯಾನೋಮೀಟರ್ ಸುತ್ತಮುತ್ತಲಿನ ಹಳದಿ ಪಟ್ಟಿಯಲ್ಲಿ ಇರುತ್ತಿದ್ದುದರಿಂದ ಆ ಪಟ್ಟಿಯನ್ನಷ್ಟೇ ಕತ್ತರಿಸುವ ಅಗ್ಗದ ಫಿಲ್ಟರುಗಳು ಸಾಕಷ್ಟು ಕೆಲಸ ಮಾಡುತ್ತಿದ್ದವು. ಅವುಗಳ ಜಾಗಕ್ಕೆ ಬಂದ ಬಿಳಿ ಎಲ್‌ಇಡಿ ದೀಪಗಳು ನೀಲಿಯಿಂದ ಕೆಂಪಿನವರೆಗೆ ಇಡೀ ವರ್ಣಪಟಲದಲ್ಲಿ ಹರಡಿಕೊಂಡಿರುವುದರಿಂದ ಹಳೆಯ ಉಪಾಯದ ಬಲ ಕುಂದಿದೆ. ಆದರೆ ಹೊರಸೂಸುವ ನೀಹಾರಿಕೆಗಳು ತಮ್ಮ ಬೆಳಕಿನ ಬಹುಭಾಗವನ್ನು ಕೆಲವೇ ಕಿರಿದಾದ ರೇಖೆಗಳಲ್ಲಿ ಚೆಲ್ಲುತ್ತವೆ; ಹೈಡ್ರೋಜನ್ ಆಲ್ಫಾ 656.3 ನ್ಯಾನೋಮೀಟರಿನಲ್ಲಿದೆ, ಎರಡು ಬಾರಿ ಅಯಾನೀಕರಣಗೊಂಡ ಆಮ್ಲಜನಕದ ಮುಖ್ಯ ರೇಖೆ 500.7ರಲ್ಲಿದೆ. ಈ ಎರಡು ಕಿಟಕಿಗಳನ್ನು ಮಾತ್ರ ತೆರೆದಿಟ್ಟು ಉಳಿದುದನ್ನೆಲ್ಲ ಮುಚ್ಚುವ ಡ್ಯುಯಲ್ ಬ್ಯಾಂಡ್ ಫಿಲ್ಟರುಗಳು ನಗರದವರ ಪಾಲಿಗೆ ಅತ್ಯಂತ ಫಲ ಕೊಡುವ ಖರೀದಿ. ಆಪ್ಟೋಲಾಂಗ್ ಸಂಸ್ಥೆಯ ಎಲ್-ಎಕ್ಸ್‌ಟ್ರೀಮ್‌ನಲ್ಲಿ ಪ್ರತಿ ಕಿಟಕಿಯ ಅಗಲ 7 ನ್ಯಾನೋಮೀಟರ್, ಎಲ್-ಅಲ್ಟಿಮೇಟ್‌ನಲ್ಲಿ 3. ಕಿಟಕಿ ಕಿರಿದಾದಷ್ಟೂ ಹಿನ್ನೆಲೆ ಕಪ್ಪಾಗುತ್ತದೆ, ಬೆಲೆ ಏರುತ್ತದೆ, ಮತ್ತು ಎಫ್/2ರಂಥ (ನಾಭಿದೂರವು ಅಗಲದ ಎರಡು ಪಟ್ಟು ಮಾತ್ರವಿರುವ) ಬಹಳ ವೇಗದ ಲೆನ್ಸಿನಲ್ಲಿ ಕಿರಣಗಳು ಓರೆಯಾಗಿ ಬೀಳುವುದರಿಂದ ಕಿಟಕಿಯೇ ಜರುಗಿ ನೀಹಾರಿಕೆಯ ರೇಖೆ ಹೊರಗುಳಿಯುವ ಅಪಾಯವೂ ಹೆಚ್ಚುತ್ತದೆ. ಎಫ್/5ರ ಆಸುಪಾಸಿನ ಟೆಲಿಸ್ಕೋಪಿಗೆ ಆ ಚಿಂತೆಯಿಲ್ಲ. ಇಂಥ ಫಿಲ್ಟರ್ ಹಾಕಿದರೆ ಮಹಾವ್ಯಾಧದ ನೀಹಾರಿಕೆ, ಕುದುರೆತಲೆ ನೀಹಾರಿಕೆ, ರೋಸೆಟ್, ಕ್ಯಾಲಿಫೋರ್ನಿಯಾ ಇವೆಲ್ಲ ಚಂದ್ರನಿರುವ ರಾತ್ರಿಯಲ್ಲೂ ಸಾಧ್ಯವಾಗುತ್ತವೆ.

ಫಿಲ್ಟರಿಗೆ ಮಿತಿಯೂ ಇದೆ, ಅದನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ. ದೇವಯಾನಿಯಂಥ ಗೆಲಾಕ್ಸಿಗಳೂ ಕೃತ್ತಿಕೆಯ ಸುತ್ತ ಕಾಣುವ ಪ್ರತಿಫಲನ ನೀಹಾರಿಕೆಯೂ ನಕ್ಷತ್ರಗಳ ಬೆಳಕಿನಿಂದಲೇ ಬೆಳಗುವುದರಿಂದ ಅವುಗಳ ವರ್ಣಪಟಲವೂ ಎಲ್‌ಇಡಿಯಂತೆಯೇ ಹರಡಿಕೊಂಡಿದೆ. ಕಿರಿದಾದ ಫಿಲ್ಟರ್ ಅಲ್ಲಿ ದೀಪಗಳ ಬೆಳಕನ್ನೂ ಅವುಗಳ ಬೆಳಕನ್ನೂ ಒಟ್ಟಿಗೆ ಕೊಲ್ಲುತ್ತದೆ. ಗೆಲಾಕ್ಸಿಗಳನ್ನು ಊರಾಚೆಯ ಪ್ರಯಾಣಕ್ಕೆ ಮೀಸಲಿಡುವುದು ಲೇಸೆಂದು ನಾನು ಭಾವಿಸುತ್ತೇನೆ. ನಕ್ಷತ್ರಗುಚ್ಛಗಳು ಮಾತ್ರ ಇದಕ್ಕೆ ಅಪವಾದ. ಬಿಂದುರೂಪದ ತಾರೆಗಳು ಬೆಳಗುವ ಹಿನ್ನೆಲೆಯನ್ನೂ ಸೀಳಿಕೊಂಡು ಬರುವುದರಿಂದ ಒಮೆಗಾ ಸೆಂಟಾರಿಯಂಥ ಗೋಳಾಕಾರದ ಗುಚ್ಛವನ್ನು ಯಾವ ಫಿಲ್ಟರೂ ಇಲ್ಲದೆ ನಗರದಿಂದಲೇ ತೆಗೆಯಬಹುದು. ಯುರೋಪಿನ ಬಹುಭಾಗದಲ್ಲಿ ದಿಗಂತದ ಮೇಲೆ ಏಳದ ಈ ಗುಚ್ಛ ಬೆಂಗಳೂರಿನಲ್ಲಿ ಸುಮಾರು 29 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಕ್ಯಾಮೆರಾದ ವಿಷಯದಲ್ಲಿ, ಮನೆಯಲ್ಲಿರುವ ಡಿಎಸ್‌ಎಲ್‌ಆರ್‌ನಿಂದ ಆರಂಭಿಸಲು ಅಡ್ಡಿಯಿಲ್ಲ, ಆದರೆ ಅದರ ಒಳಗಿನ ಫಿಲ್ಟರ್ ಹೈಡ್ರೋಜನ್ ಆಲ್ಫಾ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ನಗರದಲ್ಲಿ ನಾವು ನಂಬಿಕೊಂಡಿರುವ ಬೆಳಕು ಅದೇ ಆದ್ದರಿಂದ ಈ ಕೊರತೆ ಬೇಗನೆ ಅರಿವಿಗೆ ಬರುತ್ತದೆ. ಮುಂದಿನ ಹೆಜ್ಜೆಯಾಗಿ ಸೋನಿಯ ಐಎಂಎಕ್ಸ್ 533 ಸೆನ್ಸರ್ ಇರುವ, ತಂಪುಗೊಳಿಸಬಹುದಾದ ಬಣ್ಣದ ಕ್ಯಾಮೆರಾವನ್ನು ನಾನು ಸೂಚಿಸುತ್ತೇನೆ. ಸುಮಾರು 11 ಮಿಲಿಮೀಟರ್ ಬದಿಯ ಚೌಕ ಸೆನ್ಸರ್, 3.76 ಮೈಕ್ರಾನ್ ಪಿಕ್ಸೆಲ್, ಮೂಲೆಗಳಲ್ಲಿ ಹೊಳಪು ಮೂಡುವ ತೊಂದರೆ ಇಲ್ಲ. ಅದಕ್ಕೆ 250 ಮಿಲಿಮೀಟರ್ ನಾಭಿದೂರದ ಚಿಕ್ಕ ರಿಫ್ರ್ಯಾಕ್ಟರ್ (ಲೆನ್ಸಿನ ಟೆಲಿಸ್ಕೋಪ್) ಜೋಡಿಸಿದರೆ ಎರಡೂವರೆ ಡಿಗ್ರಿ ಅಗಲದ ಆಕಾಶ ಚೌಕಟ್ಟಿನೊಳಗೆ ಬರುತ್ತದೆ. ರೋಸೆಟ್ ಇಡಿಯಾಗಿ ಹಿಡಿಸುತ್ತದೆ. ಪಿಕ್ಸೆಲಿನ ಅಳತೆಯನ್ನು 206ರಿಂದ ಗುಣಿಸಿ ನಾಭಿದೂರದಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ಎಂಬುದು ಸಿಗುತ್ತದೆ; ಇಲ್ಲಿ ಅದು ಸುಮಾರು 3.1. ಈ ಸಂಖ್ಯೆ ದೊಡ್ಡದಾಗಿದ್ದಷ್ಟೂ ಮೌಂಟಿನ ಸಣ್ಣಪುಟ್ಟ ಅಲುಗಾಟ ಚಿತ್ರದಲ್ಲಿ ಕಾಣುವುದಿಲ್ಲ. ಟೆಲಿಸ್ಕೋಪಿನ ಬಗ್ಗೆ ನಾನು ಹೇಳಬೇಕಾದದ್ದು ಇಷ್ಟೇ.

ಮೌಂಟ್ ಬಗ್ಗೆ ಮಾತ್ರ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ವಿದೇಶದಲ್ಲಿ ತಯಾರಾದ ವೀಡಿಯೊಗಳನ್ನು ನೋಡಿ ಕೊಳ್ಳುವವರು ಎಡವುವುದು ಇಲ್ಲೇ. ಧ್ರುವ ನಕ್ಷತ್ರದ ಎತ್ತರವು ನಾವಿರುವ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ. ಬೆಂಗಳೂರಿನಲ್ಲಿ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ, ಅಂದರೆ ಉತ್ತರಕ್ಕಿರುವ ಅಪಾರ್ಟ್‌ಮೆಂಟಿನ ಹಿಂದೆ ಅಥವಾ ಧೂಳಿನ ಪದರದೊಳಗೆ. ನಕ್ಷತ್ರಗಳನ್ನು ಹಿಂಬಾಲಿಸಲು ಮೌಂಟಿನ ಅಕ್ಷವನ್ನು ಧ್ರುವಕ್ಕೆ ನೇರವಾಗಿ ಹೊಂದಿಸಬೇಕು; ಅದಕ್ಕೆ ಧ್ರುವ ನಕ್ಷತ್ರ ಕಾಣಲೇಬೇಕೆಂದು ಹಠ ಹಿಡಿಯುವ ವಿಧಾನಗಳು ನಮಗೆ ಒಗ್ಗುವುದಿಲ್ಲ. ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಉಚಿತವಾಗಿ ಸಿಗುವ ನೀನಾ ತಂತ್ರಾಂಶದ ಮೂರು ಬಿಂದುಗಳ ಹೊಂದಾಣಿಕೆ. ಆಕಾಶದ ಯಾವುದೇ ತೆರೆದ ಭಾಗದಲ್ಲಿ ಮೂರು ಚಿತ್ರ ತೆಗೆದು, ಅವುಗಳಲ್ಲಿರುವ ನಕ್ಷತ್ರಗಳನ್ನು ಗುರುತಿಸಿ, ಅಕ್ಷ ಎಷ್ಟು ಓರೆಯಾಗಿದೆ ಎಂದು ಅದೇ ಲೆಕ್ಕ ಹಾಕಿ ಹೇಳುತ್ತದೆ. ಇನ್ನೊಂದು ತೊಡಕು ಯಾಂತ್ರಿಕವಾದದ್ದು. ಅಕ್ಷವು ಹೆಚ್ಚುಕಡಿಮೆ ಮಲಗಿದಂತಿರುವುದರಿಂದ ಟೆಲಿಸ್ಕೋಪಿನ ತೂಕವನ್ನು ಸರಿದೂಗಿಸುವ ಪ್ರತಿಭಾರದ ಸರಳು ತಿರುಗುವಾಗ ಟ್ರೈಪಾಡಿನ ಕಾಲಿಗೆ ಬಡಿಯುವ ಸಂಭವವಿರುತ್ತದೆ. ಮೌಂಟ್ ಎಷ್ಟು ಕಡಿಮೆ ಅಕ್ಷಾಂಶದವರೆಗೆ ಬಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಟ್ರೈಪಾಡಿಗೂ ಮೌಂಟಿಗೂ ನಡುವೆ ಒಂದು ಗಿಡ್ಡ ಕಂಬ ಹಾಕಿದರೆ ಸರಳಿಗೆ ಜಾಗ ಸಿಗುತ್ತದೆ. ಪ್ರತಿಭಾರವೇ ಬೇಡದ ಸ್ಟ್ರೇನ್ ವೇವ್ ಮೌಂಟುಗಳು ಈ ಕಾರಣಕ್ಕಾಗಿಯೇ ನಮ್ಮ ಕಡೆಗೆ ಹೆಚ್ಚು ಸೂಕ್ತವಾಗಿವೆ, ತೂಕವೂ ಕಡಿಮೆ. ಆದರೆ ಅವುಗಳ ಚಲನೆಯಲ್ಲಿ ಸಹಜವಾಗಿಯೇ ಏರಿಳಿತವಿರುವುದರಿಂದ ನಕ್ಷತ್ರವೊಂದನ್ನು ನೋಡುತ್ತ ಮೌಂಟಿನ ಚಲನೆಯನ್ನು ತಿದ್ದುವ ಗೈಡ್ ಕ್ಯಾಮೆರಾ ಇಲ್ಲದೆ ಬಳಸುವುದು ಕಷ್ಟ.

ಎಕ್ಸ್‌ಪೋಷರ್ ಎಷ್ಟು ಉದ್ದವಿರಬೇಕು ಎಂಬುದರಲ್ಲಿ ನಗರದ ಆಕಾಶವು ಒಂದು ವಿಚಿತ್ರ ಉಪಕಾರವನ್ನೂ ಮಾಡುತ್ತದೆ. ಹಿನ್ನೆಲೆಯ ಬೆಳಕಿನ ಗದ್ದಲವು (ಚಿತ್ರದಲ್ಲಿ ಕಾಣುವ ಬೇಡದ ಏರಿಳಿತವು) ಸೆನ್ಸರ್ ಪ್ರತಿ ಚಿತ್ರವನ್ನು ಓದುವಾಗ ಸೇರುವ ಗದ್ದಲವನ್ನು ಕೆಲವೇ ಸೆಕೆಂಡುಗಳಲ್ಲಿ ಮೀರಿಬಿಡುವುದರಿಂದ, ಫಿಲ್ಟರ್ ಇಲ್ಲದಿದ್ದಾಗ 20 ಅಥವಾ 30 ಸೆಕೆಂಡುಗಳ ನೂರಾರು ಚಿತ್ರಗಳನ್ನು ಸೇರಿಸುವುದಕ್ಕೂ ಐದು ನಿಮಿಷಗಳ ಕೆಲವೇ ಚಿತ್ರಗಳನ್ನು ಸೇರಿಸುವುದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಕಿರಿದಾದ ಫಿಲ್ಟರ್ ಹಾಕಿದೊಡನೆ ಹಿನ್ನೆಲೆ ಕಪ್ಪಾಗಿ ಈ ರಿಯಾಯಿತಿ ಹೋಗುತ್ತದೆ. ಆಗ ಮೂರರಿಂದ ಐದು ನಿಮಿಷಗಳ ಎಕ್ಸ್‌ಪೋಷರ್ ಮತ್ತು ಗೈಡಿಂಗ್ ಎರಡೂ ಬೇಕಾಗುತ್ತವೆ.

ಇಷ್ಟೆಲ್ಲವನ್ನೂ ಓದಿ ಹಿಂಜರಿಯುವವರಿಗೆ ಸ್ಮಾರ್ಟ್ ಟೆಲಿಸ್ಕೋಪ್ ಇದೆ, ಅದನ್ನು ಆಟಿಕೆಯೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. 2023ರಲ್ಲಿ ಬಂದ ಸೀಸ್ಟಾರ್ ಎಸ್50 ಅನ್ನೇ ತೆಗೆದುಕೊಂಡರೆ, 50 ಮಿಲಿಮೀಟರ್ ಲೆನ್ಸ್, 250 ಮಿಲಿಮೀಟರ್ ನಾಭಿದೂರ, ಒಳಗೇ ಡ್ಯುಯಲ್ ಬ್ಯಾಂಡ್ ಫಿಲ್ಟರ್, ಎಲ್ಲವೂ ಮೊಬೈಲಿನಿಂದ ನಡೆಯುತ್ತವೆ. ಗಂಟೆಗಳನ್ನು ಕೊಳ್ಳಬೇಕೆಂದು ನಾನು ಮೇಲೆ ಹೇಳಿದ ಮಾತಿಗೆ ಇಂಥ ಉಪಕರಣ ಅಗ್ಗದ ದಾರಿ. ಸಾಮಾನ್ಯ ರೀತಿಯಲ್ಲಿ ಇಟ್ಟಾಗ ಅದು ಎಡಬಲಕ್ಕೂ ಮೇಲೆಕೆಳಕ್ಕೂ ಮಾತ್ರ ಚಲಿಸುವುದರಿಂದ ಚೌಕಟ್ಟು ಆಕಾಶದ ಎದುರು ನಿಧಾನವಾಗಿ ತಿರುಗುತ್ತಿರುತ್ತದೆ. ಈ ತಿರುಗುವಿಕೆ ಅಕ್ಷಾಂಶ ಕಡಿಮೆಯಾದಷ್ಟೂ ಹೆಚ್ಚು. ನೆತ್ತಿಯ ಹತ್ತಿರವಂತೂ ವಿಪರೀತ, ನೇರ ಪೂರ್ವ ಅಥವಾ ಪಶ್ಚಿಮದಲ್ಲಿ ಬಹುತೇಕ ಶೂನ್ಯ. ಆದ್ದರಿಂದ ನಮ್ಮಲ್ಲಿ ಮಹಾವ್ಯಾಧನನ್ನು ಅವನು ನಡುನೆತ್ತಿಯ ಕಡೆ ಏರಿದಾಗ ತೆಗೆಯುವುದಕ್ಕಿಂತ ಪೂರ್ವದಲ್ಲಿ ಮೇಲೇರುತ್ತಿರುವಾಗ ಇಲ್ಲವೇ ಪಶ್ಚಿಮಕ್ಕೆ ಇಳಿಯುತ್ತಿರುವಾಗ ತೆಗೆದರೆ ಅಂಚಿನ ನಕ್ಷತ್ರಗಳು ದುಂಡಗೆ ಬರುತ್ತವೆ. ಉಪಕರಣವನ್ನು ಧ್ರುವದತ್ತ ವಾಲಿಸಿ ನಡೆಸುವ ಸೌಲಭ್ಯವೂ ಈಗ ಇದೆ, ಆದರೆ 13 ಡಿಗ್ರಿಗೆ ವಾಲಿಸುವುದೆಂದರೆ ಅದನ್ನು ಬಹುತೇಕ ಅಡ್ಡ ಮಲಗಿಸಿದಂತೆ. ಗಟ್ಟಿಯಾದ ಟ್ರೈಪಾಡಿದ್ದು, ಭಾರವು ಅದರ ಒಂದು ಕಾಲಿನ ನೇರಕ್ಕೆ ಬರುವಂತೆ ನಿಲ್ಲಿಸದಿದ್ದರೆ ಮಗುಚಿಕೊಳ್ಳುತ್ತದೆ.

ಚಂದ್ರ ಮತ್ತು ಗ್ರಹಗಳಿಗೆ ಬೆಳಕಿನ ಮಾಲಿನ್ಯದ ಬಾಧೆಯಿಲ್ಲ. ಅವು ನಮ್ಮಲ್ಲಿ ಸದಾ ಎತ್ತರದಲ್ಲೇ ಹಾದುಹೋಗುವುದೂ ಒಂದು ಭಾಗ್ಯ, ಆದರೆ ಹಗಲೆಲ್ಲ ಕಾದ ಕಾಂಕ್ರೀಟು ಬಿಸಿ ಬಿಡುವಾಗ ಗಾಳಿ ಕದಡುವುದರಿಂದ ನಡುರಾತ್ರಿಯ ನಂತರ ಪ್ರಯತ್ನಿಸುವುದು ಉತ್ತಮ. ನೀಹಾರಿಕೆಗಳಿಗೂ ಆ ಹೊತ್ತೇ ಒಳ್ಳೆಯದು. ಅಂಗಡಿಗಳ ಫಲಕಗಳೂ ಎದುರುಮನೆಯ ದೀಪಗಳೂ ಆರಿರುತ್ತವೆ. ನೇರವಾಗಿ ಬೀಳುವ ದೀಪವನ್ನು ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ತಪ್ಪಿಸಿಕೊಳ್ಳುವುದು ಯಾವ ಫಿಲ್ಟರಿಗೂ ಸಾಟಿಯಾದ ಉಪಾಯ, ಖರ್ಚೂ ಇಲ್ಲ.

ಸಂಸ್ಕರಣೆಯಲ್ಲಿ ನಗರದ ಚಿತ್ರಗಳಿಗೆ ಬೇಕಾದ ವಿಶೇಷ ಎಚ್ಚರವೆಂದರೆ ಫ್ಲಾಟ್ ಫ್ರೇಮುಗಳನ್ನು (ಸಮನಾಗಿ ಬೆಳಗಿದ ಮೇಲ್ಮೈಯ ಚಿತ್ರಗಳನ್ನು) ಎಂದಿಗೂ ಬಿಡದಿರುವುದು. ಹಿನ್ನೆಲೆಯೇ ಬೆಳಗುತ್ತಿರುವಾಗ ಲೆನ್ಸಿನ ಅಂಚಿನ ಮಬ್ಬೂ ಸೆನ್ಸರಿನ ಮೇಲಿನ ಧೂಳಿನ ಕಣವೂ ನೀಹಾರಿಕೆಗಿಂತ ಸ್ಪಷ್ಟವಾಗಿ ಮೂಡುತ್ತವೆ. ಫ್ಲಾಟ್‌ಗಳಿಂದ ಅವನ್ನು ಸರಿಪಡಿಸಿ, ಸಿರಿಲ್‌ನಲ್ಲಿ ಚಿತ್ರಗಳನ್ನು ಸ್ಟ್ಯಾಕ್ ಮಾಡಿ (ಒಂದಾಗಿ ಸೇರಿಸಿ), ಊರಿನ ನಡುಭಾಗದ ಕಡೆಯಿಂದ ಹರಡುವ ಬೆಳಕಿನ ಇಳಿಜಾರನ್ನು ಗ್ರಾಕ್ಸ್‌ಪರ್ಟ್‌ನಲ್ಲಿ ತೆಗೆದರೆ ಮುಕ್ಕಾಲು ಕೆಲಸ ಮುಗಿಯಿತು; ಎರಡೂ ಉಚಿತ ತಂತ್ರಾಂಶಗಳು. ಈ ಕ್ರಮವನ್ನು ತಿರುವುಮುರುವು ಮಾಡಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಎಲ್ಲವನ್ನೂ ಮುಚ್ಚಿರುತ್ತದೆ. ಧನು ರಾಶಿಯ ಲಗೂನ್, ಟ್ರೈಫಿಡ್ ನೀಹಾರಿಕೆಗಳು ರಾತ್ರಿಯ ಹೊತ್ತು ತಮ್ಮ ಗರಿಷ್ಠ ಎತ್ತರಕ್ಕೆ ಬರುವುದು ಅದೇ ತಿಂಗಳುಗಳಲ್ಲಿ ಎಂಬುದು ಬೇಸರದ ಸಂಗತಿ. ಅವನ್ನು ಮಾರ್ಚ್, ಏಪ್ರಿಲ್‌ನ ಬೆಳಗಿನ ಜಾವಗಳಲ್ಲಿಯೇ ತೆಗೆದುಕೊಳ್ಳಬೇಕು. ಮಳೆಗಾಲದ ತೇವದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟು, ಅದರ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕುತ್ತಿರಬೇಕು. ತಂಪುಗೊಳಿಸುವ ಕ್ಯಾಮೆರಾ ಇದ್ದವರು ಈ ಬಿಡುವಿನಲ್ಲಿ ಮುಚ್ಚಳ ಹಾಕಿ, ಸೊನ್ನೆ ಡಿಗ್ರಿಯಲ್ಲೋ ಮೈನಸ್ 10 ಡಿಗ್ರಿಯಲ್ಲೋ ತಾವು ಬಳಸುವ ಪ್ರತಿಯೊಂದು ಎಕ್ಸ್‌ಪೋಷರ್ ಅವಧಿಗೂ ಡಾರ್ಕ್ ಫ್ರೇಮುಗಳನ್ನು (ಸೆನ್ಸರಿನ ಸ್ವಂತ ದೋಷಗಳನ್ನು ಚಿತ್ರದಿಂದ ಕಳೆಯಲು ಬೇಕಾದ ಕತ್ತಲ ಚಿತ್ರಗಳನ್ನು) ತೆಗೆದಿಟ್ಟುಕೊಂಡರೆ, ಅಕ್ಟೋಬರ್‌ನಲ್ಲಿ ಮೋಡ ಸರಿದ ಮೊದಲ ರಾತ್ರಿಯನ್ನು ಪೂರ್ತಿಯಾಗಿ ನೀಹಾರಿಕೆಗೇ ಕೊಡಬಹುದು.